ಎಡಕ್ಕೆ ಎಳೆಯುವ ಕೋವಿ

ನಮ್ಮಪ್ಪನ ಕೋವಿ ಎಡಕ್ಕೆ ಎಳೆಯುತ್ತದೆ ಎಂದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಗೊತ್ತು ಅಂದರೆ, ಅಪ್ಪ ಹೇಳಿದ್ದು, ಊರು ನಂಬಿದ್ದು. ನಾನೂ ಮೂವತ್ತು ವರ್ಷ ನಂಬಿದ್ದೆ.

ನಮ್ಮೂರು ಪಾಂಡವಪುರದ ಕಡೆ. ಕಬ್ಬು, ಒಂದಿಷ್ಟು ಭತ್ತ. ಕೋವಿ ಇಂಗ್ಲೆಂಡಿನದು, ಒಂಟಿ ನಳಿಗೆ, 12 ಬೋರ್. ಕುದುರೆ, ಅಂದರೆ ತೋಟಾದ ಬುಡಕ್ಕೆ ಬಡಿಯುವ ಸುತ್ತಿಗೆ, ಹೊರಗೇ ಇರುವ ಹಳೇ ಮಾದರಿ. ಒಂದು ಈಡು ಹೊಡೆದ ಮೇಲೆ ನಳಿಗೆ ಬಗ್ಗಿಸಿ, ಖಾಲಿ ತೋಟಾ ತೆಗೆದು, ಇನ್ನೊಂದು ಹಾಕಬೇಕು. ಬೆಳೆ ಕಾಯಲು ಎಂದು ಲೈಸೆನ್ಸ್. ಅಪ್ಪನಿಗೆ ಎಂಬತ್ತು ದಾಟಿದ ಮೇಲೆ ಅದು ನನ್ನ ಹೆಸರಿಗೆ ಬಂತು. ನಾನು ಬೇಟೆಗಾರ ಅಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಮಾತು ನಮ್ಮನೆಯಲ್ಲಿ ಕಥೆಗಷ್ಟೇ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಸ್ಟೇಷನ್‌ಗೆ ಒಪ್ಪಿಸಿ ರಸೀದಿ ತರುವುದು, ಮುಗಿದ ಮೇಲೆ ಬಿಡಿಸಿಕೊಂಡು ಬಂದು ಎಣ್ಣೆ ಒರೆಸುವುದು. ಇಷ್ಟೇ ನಮ್ಮ ಸಂಬಂಧ. ಆದರೂ ಕೈಯಲ್ಲಿರುವ ವಸ್ತು ಎಲ್ಲಿಗೆ ಹೊಡೆಯುತ್ತದೆ ಅಂತ ಗೊತ್ತಿಲ್ಲದೆ ಇಟ್ಟುಕೊಳ್ಳುವುದು ಸರಿಯಲ್ಲ ಅನ್ನಿಸಿತು.

ಮೊದಲ ಪಾಠ ಗುರಿಯದ್ದಲ್ಲ, ತೋಟಾದ್ದು. ಒಂದು ಅಂಗಡಿಯಲ್ಲಿ 12 ಬೋರ್ ಎಂದೆ, ಲೈಸೆನ್ಸ್‌ನಲ್ಲಿ ಬರೆದುಕೊಂಡು ಒಂದು ಡಬ್ಬಿ ಕೊಟ್ಟರು. ಅವರು ಏನೂ ಕೇಳಲಿಲ್ಲ, ನಾನೂ ಓದಲಿಲ್ಲ. ಮೈಸೂರಿನಲ್ಲಿ ಕೋವಿ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ತೋರಿಸಿದಾಗ ಅವರು ನಳಿಗೆಯ ಬುಡದ ಮುದ್ರೆಗಳನ್ನು ಭೂತಗನ್ನಡಿಯಲ್ಲಿ ನೋಡಿದರು. ತೋಟಾ ಕೂರುವ ಕೋಣೆ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್ ತೋಟಾಕ್ಕೆ ಮಾಡಿದ್ದು. ನನ್ನ ಡಬ್ಬಿಯಲ್ಲಿ ಇದ್ದದ್ದು 70.

"ಹಾಕಿ ನೋಡಿದೆ ಸಾರ್, ಸಲೀಸಾಗಿ ಕೂತಿತಲ್ಲ" ಎಂದೆ.

"ಕೂರುತ್ತೆ. ಅದೇ ಮೋಸ."

ಡಬ್ಬಿ ಮೇಲೆ ಬರೆದಿರುವ ಉದ್ದ, ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ ಉದ್ದವಂತೆ. ಹೊಡೆಯುವ ಮೊದಲು ಬಾಯಿ ಮಡಚಿಕೊಂಡಿರುವುದರಿಂದ ಚಿಕ್ಕದಾಗೇ ಕಾಣುತ್ತದೆ, ಕೋವಿಯೂ ಮುಚ್ಚಿಕೊಳ್ಳುತ್ತದೆ. ಈಡು ಹಾರಿದಾಗ ಆ ಮಡಿಕೆ ಬಿಚ್ಚಲು ಜಾಗ ಸಾಲದೆ, ಕೋಣೆಯ ಮುಂದೆ ನಳಿಗೆ ಕಿರಿದಾಗುವ ಕಡೆ ಸಿಕ್ಕಿಕೊಳ್ಳುತ್ತದೆ. ಒತ್ತಡ ಏರುತ್ತದೆ. ಹಳೇ ನಳಿಗೆ, ಅದರ ಪಕ್ಕದಲ್ಲೇ ನಮ್ಮ ಕೆನ್ನೆ. ಆ ಡಬ್ಬಿ ವಾಪಸ್ ಕೊಟ್ಟು, 65ರದ್ದು ಹುಡುಕಲು ಎರಡು ತಿಂಗಳು ಹಿಡಿಯಿತು. ಅಟ್ಟದ ಮೇಲಿದ್ದ ಅಪ್ಪನ ಕಾಲದ ಕಾಗದದ ತೋಟಾಗಳು ತೇವಕ್ಕೆ ಊದಿಕೊಂಡಿದ್ದವು, ಅವನ್ನೂ ಒಪ್ಪಿಸಿಬಿಟ್ಟೆ.

ಅಂದಹಾಗೆ, ಈ 12 ಎಂಬ ಲೆಕ್ಕ ಮಜವಾಗಿದೆ. ಒಂದು ಪೌಂಡ್ ಸೀಸದಲ್ಲಿ ಒಂದೇ ಸಮನಾದ 12 ಗುಂಡು ಮಾಡಿದರೆ, ಒಂದು ಗುಂಡಿನ ಅಗಲ ಎಷ್ಟೋ ನಳಿಗೆಯ ಅಗಲ ಅಷ್ಟು. ಸುಮಾರು ಹದಿನೆಂಟೂವರೆ ಮಿಲಿಮೀಟರ್. ಬ್ರಿಟಿಷರ ಕಾಲದಲ್ಲಿ ಆನೆಗೆಂದು 4 ಬೋರ್ ಕೋವಿಗಳೂ ಇದ್ದವು, ಕಾಲು ಪೌಂಡಿನ ಗುಂಡು. ಹೊಡೆದವನ ಹೆಗಲು ಏನಾಗಿರಬೇಡ!

ಮೈಸೂರಿನ ಹತ್ತಿರದ ಒಂದು ಶೂಟಿಂಗ್ ರೇಂಜ್‌ನಲ್ಲಿ ಅನುಮತಿ ಪಡೆದು ಎರಡು ಭಾನುವಾರ ಹೋದೆ. ಜೊತೆಗೆ ದೊಡ್ಡಪ್ಪನ ಮಗ, ನನಗೆ ತಮ್ಮ. ಚರೆ, ಅಂದರೆ ಸೀಸದ ಸಣ್ಣ ಕಾಳು, ಹೊಡೆಯುವ ಕೋವಿಯ ಗುರಿ ನೋಡುವುದು ರೈಫಲ್‌ನ ಹಾಗಲ್ಲ. ರೈಫಲ್ ನಳಿಗೆಯ ಒಳಗೆ ತಿರುಪಿನ ಗೆರೆಗಳಿರುತ್ತವೆ, ಗುಂಡು ಬುಗುರಿಯಂತೆ ತಿರುಗುತ್ತಾ ನೆಟ್ಟಗೆ ಹೋಗುತ್ತದೆ. ನಮ್ಮದು ನುಣುಪು ನಳಿಗೆ. ಚರೆ ಬೀಜ ಎರಚಿದ ಹಾಗೆ ಹರಡುತ್ತದೆ. ಅದಕ್ಕೇ 40 ಗಜದಲ್ಲಿ ದೊಡ್ಡ ಕಾಗದ ಕಟ್ಟಿ ಹೊಡೆದು, ಚರೆ ದಟ್ಟವಾಗಿ ಬಿದ್ದ ಕಡೆ 30 ಇಂಚಿನ ವೃತ್ತ ಬರೆದು, ಒಳಗೆಷ್ಟು ತೂತು ಅಂತ ಎಣಿಸಬೇಕು. ಮೊದಲು ನ್ಯೂಸ್ ಪೇಪರ್ ಕಟ್ಟಿದ್ದೆ. ಅಕ್ಷರ ಯಾವುದು, ತೂತು ಯಾವುದು? ಮುಂದಿನ ವಾರ ಕಂದು ಕಾಗದ ತಗೊಂಡು ಹೋದೆ.

4 ನಂಬರ್ ಚರೆಯ ಒಂದು ತೋಟಾದಲ್ಲಿ ಸುಮಾರು 180 ಕಾಳು. ಮೂರು ಈಡು ಹೊಡೆದು ಎಣಿಸಿದರೆ ಸರಾಸರಿ 107 ವೃತ್ತದೊಳಗೆ. ನೂರಕ್ಕೆ ಅರವತ್ತು. ನಳಿಗೆಯ ಬಾಯಿ ಸ್ವಲ್ಪ ಬಿಗಿಯಾಗಿರುವುದಕ್ಕೆ ಚೋಕ್ ಎನ್ನುತ್ತಾರೆ. ಪೂರ್ತಿ ಚೋಕ್ ಇದ್ದರೆ ನೂರಕ್ಕೆ ಎಪ್ಪತ್ತು, ಬಿಗಿಯೇ ಇಲ್ಲದಿದ್ದರೆ ನಲವತ್ತು ಬೀಳಬೇಕು. ನಮ್ಮದು ಅರ್ಧ ಚೋಕ್ ಎಂದಾಯಿತು.

ಊರಿನ ಜನರಿಗೆ ದಪ್ಪ ಚರೆಯ ಎಲ್‌ಜಿ ಮೇಲೆ ಮೋಹ ಜಾಸ್ತಿ. ದೊಡ್ಡ ಕಾಳು, ದೊಡ್ಡ ಏಟು ಎನ್ನುವ ಲೆಕ್ಕ. ನನ್ನ ಡಬ್ಬಿಯ ಎಲ್‌ಜಿಯಲ್ಲಿ ಆರೇ ಆರು ಕಾಳು. 20 ಗಜದಲ್ಲಿ ಆರೂ ವೃತ್ತದೊಳಗೇ ಬಿದ್ದವು. 40 ಗಜದಲ್ಲಿ ಮೂರು, ಎರಡು, ನಾಲ್ಕು. ನಡುವೆ ಒಂದು ಮೇಕೆ ತೂರಿಕೊಂಡು ಹೋಗುವಷ್ಟು ಸಂದು. ವೃತ್ತ ತಪ್ಪಿದವು ಎಲ್ಲಿ ಹೋದವು? ಅಂಥ ಕಾಳು ನೂರಾರು ಗಜ ಹೋಗುತ್ತದೆ. ರೇಂಜ್‌ನಲ್ಲಿ ಹಿಂದೆ ಮಣ್ಣಿನ ದಿಬ್ಬ ಇತ್ತು. ಕಬ್ಬಿನ ಗದ್ದೆಯ ಆಚೆ ಯಾರೋ ನೀರು ಕಟ್ಟುತ್ತಾ ನಿಂತಿರುತ್ತಾರೆ. ಎಲ್‌ಜಿ ಕೊಳ್ಳುವುದನ್ನು ಅವತ್ತೇ ಬಿಟ್ಟೆ.

ಇನ್ನು ಎಡದ ವಿಷಯ. ಕಾಗದಗಳಲ್ಲೆಲ್ಲ ಚರೆಯ ನಡುಭಾಗ ಒಂದು ಗೇಣು ಎಡಕ್ಕೆ, ಸ್ವಲ್ಪ ಕೆಳಕ್ಕೆ ಇತ್ತು. ಅಪ್ಪ ಹೇಳಿದ್ದು ನಿಜ ಅಂದುಕೊಂಡೆ. ಸುಮ್ನೆ ಇರಲಿ ಎಂದು ಕೊನೆಗೆ ಮೇಜಿನ ಮೇಲೆ ಮರಳು ಚೀಲ ಇಟ್ಟು, ಅದರ ಮೇಲೆ ಕೋವಿ ಊರಿ, ನಿಧಾನವಾಗಿ ಟ್ರಿಗರ್ ಎಳೆದೆ. ನಟ್ಟ ನಡುವೆ. ಇನ್ನೊಂದು ಈಡು. ಮತ್ತೆ ನಟ್ಟ ನಡುವೆ.

ತಮ್ಮನಿಗೆ ಆಗಲೇ ಅನುಮಾನ ಬಂದಿತ್ತು. "ಅಣ್ಣಾ, ನೀನು ಆ ಕಡೆ ತಿರುಕ್ಕೋ, ನಾನು ತುಂಬಿ ಕೊಡ್ತೀನಿ" ಎಂದ. ಕೆಲವು ಸಲ ಒಳ್ಳೇ ತೋಟಾ, ಕೆಲವು ಸಲ ಹೊಡೆದು ಬಿಸಾಡಿದ ಖಾಲಿ ತೋಟಾ. ಯಾವುದು ಅಂತ ನನಗೆ ಗೊತ್ತಿಲ್ಲ. ಎರಡನೇ ಸಲವೇ ಖಾಲಿ ಬಂತು. ಕುದುರೆ ಟಕ್ ಅಂತ ಬಿತ್ತು, ಈಡಿಲ್ಲ, ಸದ್ದಿಲ್ಲ. ಆದರೆ ನಳಿಗೆಯ ತುದಿ ಎಡಕ್ಕೆ ವಾಲಿ ಕೆಳಗೆ ಕುಸಿಯಿತು. ನನ್ನ ಕಣ್ಣೂ ಮುಚ್ಚಿತ್ತಂತೆ.

"ಕೋವಿ ಅಲ್ಲ ಕಣಣ್ಣ, ಎಳೀತಿರೋದು ನೀನೇ" ಎಂದು ನಕ್ಕ.

ಹಗುರ ಕೋವಿ, ಒದೆ ಜೋರು. ಒದೆ ಬೀಳುವ ಮೊದಲೇ ಮೈ ಸೆಟೆಯುತ್ತಿತ್ತು. ಲೈಸೆನ್ಸ್‌ನಲ್ಲಿ ವರ್ಷಕ್ಕೆ ಇಷ್ಟೇ ತೋಟಾ ಅಂತ ಇರುವಾಗ ಅಭ್ಯಾಸ ಎಲ್ಲಿಂದ ಬರಬೇಕು? ಆಮೇಲೆ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಖಾಲಿ ತೋಟಾವನ್ನು ಎರಡೆರಡು ಸಲ ನೋಡಿ ಹಾಕಿ, ದಿನಕ್ಕೆ ಹತ್ತು ಸಲ ಕುದುರೆ ಬೀಳಿಸಿದೆ. ಕಣ್ಣು ತೆರೆದೇ. ಹೆಗಲಿಗೆ ರಬ್ಬರಿನ ಮೆತ್ತೆ ಹಾಕಿಸಿದೆ. ಮೂರು ತಿಂಗಳ ಮೇಲೆ ನಿಂತುಕೊಂಡೇ ಹೊಡೆದಾಗ ಎಡದ ವಾಲಿಕೆ ನಾಲ್ಕು ಬೆರಳಿಗೆ ಇಳಿದಿತ್ತು.

ಆ ಕಾಗದ ಸುತ್ತಿ ತಂದು ಅಪ್ಪನ ಮುಂದೆ ಬಿಚ್ಚಿದೆ. ಕನ್ನಡಕ ಹಾಕಿ, ತೂತುಗಳ ಮೇಲೆ ಬೆರಳಾಡಿಸುತ್ತಾ ತುಂಬಾ ಹೊತ್ತು ನೋಡಿದರು. ಮರಳು ಚೀಲದ ಕಥೆಯನ್ನೂ ಹೇಳಿದೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸಂಜೆ ಜಗಲಿಯಲ್ಲಿ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು: "ಎಡಕ್ಕೆ ಎಳೀತಿತ್ತು ಕಣಪ್ಪ. ನಮ್ ಹುಡುಗ ಮೈಸೂರಲ್ಲಿ ರಿಪೇರಿ ಮಾಡಿಸವ್ನೆ."