ಟ್ರೇಡಿಂಗ್ ಆ್ಯಪ್ ಕೈಕೊಟ್ಟಾಗ ಬರೀ ಫೋನ್ ಮಾಡಿ ಸುಮ್ಮನಾಗಬೇಡಿ

ಬೆಳಿಗ್ಗೆ 9:15ಕ್ಕೆ ಷೇರು ಮಾರ್ಕೆಟ್ ಓಪನ್ ಆಗುವ ಹೊತ್ತಿಗೇ ಆ್ಯಪ್ ಸುತ್ತುತ್ತಾ ಕೂತರೆ ಎಷ್ಟು ಸಂಕಟ ಅಂತ ಈ ಗ್ರೂಪಿನಲ್ಲಿ ಹಲವರಿಗೆ ಗೊತ್ತು. ಆನ್‌ಲೈನ್ ಬ್ರೋಕರ್ ಆದರೆ ಮಂಗಳೂರಿನ ಹಂಪನಕಟ್ಟೆಗೋ ಉಡುಪಿಗೋ ಹೋಗಿ ಕೇಳೋಣ ಅಂದರೆ ಆಫೀಸೇ ಇರುವುದಿಲ್ಲ ಮಾರಾಯ್ರೆ. ಕಸ್ಟಮರ್ ಕೇರಿನವರು "ನೋಡ್ತೇವೆ ಸರ್" ಅಂತ ಫೋನ್ ಇಡುತ್ತಾರೆ, ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಹಾಗಾಗಿ ಮೊದಲು ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ಇಮೇಲ್ ಮಾಡಿ ಟಿಕೆಟ್ ನಂಬರ್ ತೆಗೆದುಕೊಳ್ಳಿ. ಯಾವ ಷೇರು, ಎಷ್ಟು, ಎಷ್ಟು ಗಂಟೆಗೆ ಆರ್ಡರ್ ಹಾಕಿದ್ದು ಅಂತ ಸ್ಪಷ್ಟವಾಗಿ ಬರೆಯಿರಿ. ಗಾಬರಿಯಲ್ಲಿ ಅದೇ ಆರ್ಡರನ್ನು ಮತ್ತೆ ಒತ್ತಬೇಡಿ, ಮೊದಲಿನದ್ದೂ ಹೋಗಿದ್ದರೆ ಡಬಲ್ ಆಗುತ್ತದೆ. ಫೋನಿನಲ್ಲೇ ಆರ್ಡರ್ ಹಾಕುವ ನಂಬರ್ ನಿಮ್ಮ ಬ್ರೋಕರ್ ಬಳಿ ಇದ್ದರೆ ಈಗಲೇ ಸೇವ್ ಮಾಡಿಡಿ. ಚಾರ್ಜ್ ಸ್ವಲ್ಪ ಹೆಚ್ಚಾದರೂ ಕಷ್ಟಕಾಲಕ್ಕೆ ಅದೇ ದಾರಿ.

ಸರಿಯಾದ ಉತ್ತರ ಬಾರದಿದ್ದರೆ ಷೇರು ಮಾರ್ಕೆಟ್ ನಿಯಂತ್ರಿಸುವ ಸಂಸ್ಥೆ ಸೆಬಿಯ ಸ್ಕೋರ್ಸ್ ಪೋರ್ಟಲಿನಲ್ಲಿ ದೂರು ಕೊಡಿ. ಖರ್ಚಿಲ್ಲ. ಘಟನೆ ಆಗಿ ಒಂದು ವರ್ಷದೊಳಗೆ ಕೊಡಬೇಕು, ಬ್ರೋಕರ್ 21 ದಿನದೊಳಗೆ ಉತ್ತರಿಸಬೇಕು. ಅಲ್ಲೂ ಸಮಾಧಾನ ಆಗದಿದ್ದರೆ ಆನ್‌ಲೈನಿನಲ್ಲೇ ವಿವಾದ ಬಗೆಹರಿಸುವ ಸ್ಮಾರ್ಟ್ ಒಡಿಆರ್ ಪೋರ್ಟಲ್ ಇದೆ. ಅಲ್ಲಿ ಮೊದಲು ರಾಜಿ ಮಾತುಕತೆ, ಆಮೇಲೆ ಮಧ್ಯಸ್ಥಿಕೆ (ಆರ್ಬಿಟ್ರೇಷನ್).

ಮುಖ್ಯವಾದ್ದು ಇನ್ನೊಂದು. ಕಸ್ಟಮರ್ ಕೇರ್ ನಂಬರನ್ನು ಗೂಗಲಿನಲ್ಲಿ ಹುಡುಕಲೇಬೇಡಿ, ನಕಲಿ ನಂಬರ್‌ಗಳು ತುಂಬಾ ಇವೆ. ಆ್ಯಪ್ ಒಳಗಿನ ನಂಬರನ್ನೇ ಬಳಸಿ. ಒಟಿಪಿ ಕೇಳಿದರೆ, ಸ್ಕ್ರೀನ್ ಶೇರ್ ಮಾಡಿ ಅಂದರೆ ಕೂಡಲೇ ಕಟ್ ಮಾಡಿ. ಮನೆಯ ಹಿರಿಯರಿಗೂ ಹೇಳಿಡಿ.