ಮೂರು ಹಳೆಯ ಫೋರ್ಡ್ ಟ್ರ್ಯಾಕ್ಟರ್‌ಗಳನ್ನು ಒಂದೇ ಕೆಲಸಕ್ಕೆ ಹೂಡಿ ನೋಡಿದ್ದು

ಫೋರ್ಡ್ ಕಂಪನಿಯ ‘ಎನ್’ ಸರಣಿಯ 9ಎನ್, 2ಎನ್ ಮತ್ತು 8ಎನ್ ಟ್ರ್ಯಾಕ್ಟರ್‌ಗಳು ನನ್ನ ಶೆಡ್ಡಿನಲ್ಲಿ ಒಂದರ ಪಕ್ಕ ಒಂದು ನಿಂತಿವೆ. ಹೆಸರಿನ ಮೊದಲಿಗಿರುವ ಅಂಕಿ ಆ ಮಾದರಿಯ ವರ್ಷದ ಕೊನೆಯ ಅಂಕಿಯೇ ಆಗಿದೆ: 9ಎನ್ 1939ರದು, 2ಎನ್ 1942ರದು, 8ಎನ್ 1947ರ ನಡುವಿನಲ್ಲಿ 1948ರ ಮಾದರಿಯಾಗಿ ಹೊರಬಂದದ್ದು. ಮೂರಕ್ಕೂ ಮೂಲತಃ ಒಂದೇ ಎಂಜಿನ್, ನಾಲ್ಕು ಸಿಲಿಂಡರಿನ, ಸೈಡ್ ವಾಲ್ವಿನ, 120 ಘನ ಇಂಚಿನದು. ಹೀಗಾಗಿ ದೂರದಿಂದ ನೋಡಿದವರಿಗೆ ಬಣ್ಣವೊಂದನ್ನು ಬಿಟ್ಟರೆ ಬೇರೆ ವ್ಯತ್ಯಾಸ ಕಾಣುವುದಿಲ್ಲ. ಗೇರುಗಳು ಮೂರರಿಂದ ನಾಲ್ಕಾದದ್ದೇ ಈ ಸರಣಿಯ ದೊಡ್ಡ ಸುಧಾರಣೆ ಎಂದು ನಾನೂ ಬಹಳ ಕಾಲ ನಂಬಿದ್ದೆ. ಮೂರನ್ನೂ ಬಿಚ್ಚಿ ಜೋಡಿಸಿ, ಒಂದೇ ನೆಲದಲ್ಲಿ, ನೆಲ ಸಮ ಮಾಡುವ ಒಂದೇ ಬ್ಲೇಡನ್ನು ಕಟ್ಟಿ ಕೆಲಸ ಮಾಡಿಸಿದ ಮೇಲೆ, 8ಎನ್‌ನ ಸೀಟಿನ ಕೆಳಗಿರುವ ಒಂದು ಪುಟ್ಟ ಲಿವರಿನ ಮುಂದೆ ಆ ನಾಲ್ಕನೆಯ ಗೇರು ಏನೂ ಅಲ್ಲ ಎಂಬುದು ನನಗೆ ಖಚಿತವಾಯಿತು.

ಹೋಲಿಕೆಗೆ ಇಳಿಯುವ ಮೊದಲು ನಮ್ಮ ಕೈಯಲ್ಲಿರುವುದು ಯಾವ ಮಾದರಿ ಎಂಬುದನ್ನು ತಿಳಿಯಬೇಕು, ಮತ್ತು ಇದು ಅಂದುಕೊಂಡಷ್ಟು ಸುಲಭವಲ್ಲ. ನಾನು ಮೊದಲು ಕೊಂಡ ಟ್ರ್ಯಾಕ್ಟರ್ ತಿಳಿಬೂದು ಬಾನೆಟ್, ಕೆಂಪು ಹೊಟ್ಟೆಯದಾಗಿತ್ತು. ಅದು 8ಎನ್‌ನ ಬಣ್ಣ. ಮಾರಿದವರೂ 8ಎನ್ ಎಂದೇ ನಂಬಿ ಮಾರಿದ್ದರು. ಎಂಜಿನ್ ಬ್ಲಾಕಿನ ಎಡಬದಿಯಲ್ಲಿ, ಹೆಡ್ಡಿನ ಕೆಳಗೆ, ಗ್ರೀಸು ಮತ್ತು ಬಣ್ಣ ಹೆಪ್ಪುಗಟ್ಟಿದ್ದ ಸಮತಟ್ಟು ಜಾಗವನ್ನು ಹಿತ್ತಾಳೆಯ ಬ್ರಷ್ಷಿನಿಂದ ಉಜ್ಜಿ, ಸೀಮೆಸುಣ್ಣ ತಿಕ್ಕಿ ಓದಿದಾಗ ಅಲ್ಲಿಯೂ 8ಎನ್ ಎಂದೇ ಇತ್ತು. ಆದರೆ 8ಎನ್‌ಗೆ ಇರಬೇಕಾದ ನಾಲ್ಕು ಗೇರುಗಳ ಬದಲು ಮೂರೇ ಇದ್ದವು, ಬಲಗಡೆ ಇರಬೇಕಾದ ಎಡ ಬ್ರೇಕಿನ ಪೆಡಲ್ ಎಡಗಡೆಯಲ್ಲೇ ಇತ್ತು. ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಹೌಸಿಂಗಿನ ಎರಕದ ಮೇಲಿರುವ ದಿನಾಂಕದ ಗುರುತನ್ನು ಹುಡುಕಿ ನೋಡಿದ ಮೇಲೆ ಸಂಗತಿ ಬಯಲಾಯಿತು. ಈ ಗುರುತಿನಲ್ಲಿ ಮೊದಲ ಅಕ್ಷರ ತಿಂಗಳನ್ನು, ನಂತರದ ಅಂಕಿ ದಿನವನ್ನು, ಕೊನೆಯದು ವರ್ಷದ ಕೊನೆಯ ಅಂಕಿಯನ್ನು ಹೇಳುತ್ತದೆ. ನನ್ನದರ ಮೇಲೆ ಇದ್ದದ್ದು ‘ಬಿ 17 4’, ಅಂದರೆ 1944ರ ಫೆಬ್ರವರಿ 17. ಅದು 2ಎನ್ ಟ್ರ್ಯಾಕ್ಟರ್. ಯಾರೋ ಹಿಂದೆಂದೋ ಅದಕ್ಕೆ 8ಎನ್ ಎಂಜಿನ್ ಕೂರಿಸಿ, ಅದೇ ಬಣ್ಣ ಬಳಿದಿದ್ದರು. ಬ್ಲಾಕಿನ ಮೇಲಿನ ಸಂಖ್ಯೆ ಎಂಜಿನ್ನಿನ ಜಾತಕವನ್ನಷ್ಟೇ ಹೇಳುತ್ತದೆ, ಇಡೀ ಟ್ರ್ಯಾಕ್ಟರಿನದನ್ನಲ್ಲ. ಇದರ ಜೊತೆಗೆ ಇನ್ನೊಂದು ತೊಡಕೂ ಇದೆ. ಕಾರ್ಖಾನೆಯಿಂದ ಬಂದ ಮೂಲ 2ಎನ್ ಎಂಜಿನ್‌ಗಳ ಸಂಖ್ಯೆ ಕೂಡ 9ಎನ್ ಎಂದೇ ಆರಂಭವಾಗುತ್ತದೆ. ಆದ್ದರಿಂದ ಈ ಸಂಖ್ಯೆಯಲ್ಲಿ 2ಎನ್ ಎಂಬುದನ್ನು ಹುಡುಕುವವರಿಗೆ ಅದು ಸಿಗುವುದಿಲ್ಲ.

2ಎನ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅದು ಯುದ್ಧಕಾಲದ 9ಎನ್. ರಬ್ಬರ್ ಮತ್ತು ತಾಮ್ರದ ಅಭಾವದಿಂದಾಗಿ ಮೊದಮೊದಲು ಕಬ್ಬಿಣದ ಚಕ್ರ ಮತ್ತು ಮ್ಯಾಗ್ನೆಟೊ (ಬ್ಯಾಟರಿಯಿಲ್ಲದೆ ಕಿಡಿ ಕೊಡುವ ಸಾಧನ) ಹೊತ್ತು, ಬ್ಯಾಟರಿ ಮತ್ತು ಸ್ಟಾರ್ಟರ್ ಇಲ್ಲದೆ ಹೊರಬಂತು. ಅಭಾವ ತಗ್ಗಿದಂತೆ ಟೈರು, ವಿದ್ಯುತ್ ವ್ಯವಸ್ಥೆ ಎರಡೂ ಮರಳಿದವು. ಕೆಲಸದಲ್ಲಿ ನನ್ನ 9ಎನ್ ಮತ್ತು 2ಎನ್‌ಗಳ ನಡುವೆ ನನಗೆ ಕಂಡ ಭೇದವೆಲ್ಲ ಸವೆತದ್ದೇ ಹೊರತು ವಿನ್ಯಾಸದ್ದಲ್ಲ.

ಈ ಸವೆತವೇ ಹೋಲಿಕೆಯನ್ನು ಹಾಳುಮಾಡುವ ಮುಖ್ಯ ಶತ್ರು. ಆರಂಭದಲ್ಲಿ ನಾನು 9ಎನ್‌ನ ಲಿಫ್ಟ್, ಅಂದರೆ ಹಿಂದೆ ಕಟ್ಟಿದ ಸಾಧನವನ್ನು ಎತ್ತುವ ಹೈಡ್ರಾಲಿಕ್ ವ್ಯವಸ್ಥೆ, ದುರ್ಬಲವೆಂದು ಬರೆದಿಟ್ಟುಕೊಂಡಿದ್ದೆ. ಡ್ರೈನ್ ಪ್ಲಗ್ ಬಿಚ್ಚಿದಾಗ ಮೊದಲು ನೀರು, ಆಮೇಲೆ ಮಜ್ಜಿಗೆಯಂಥ ಬಿಳಿಯ ಎಣ್ಣೆ ಇಳಿಯಿತು. ಈ ಮೂರೂ ಮಾದರಿಗಳಲ್ಲಿ ಗೇರ್‌ಬಾಕ್ಸ್, ಹೈಡ್ರಾಲಿಕ್ ಮತ್ತು ಡಿಫರೆನ್ಷಿಯಲ್‌ಗಳಿಗೆ ಸುಮಾರು 5 ಗ್ಯಾಲನ್ನಿನ ಒಂದೇ ಎಣ್ಣೆ. ಗೇರ್ ಲಿವರಿನ ರಬ್ಬರ್ ಮುಸುಕು ಹರಿದಿದ್ದರೆ ಮಳೆನೀರು ನೇರವಾಗಿ ಅದರೊಳಗೆ ಸೇರಿಕೊಳ್ಳುತ್ತದೆ. ಒಳಭಾಗವನ್ನು ತೊಳೆದು ಹೊಸ ಎಣ್ಣೆ ತುಂಬಿದ ಮೇಲೆ ಅದೇ ಲಿಫ್ಟ್ 8ಎನ್‌ನಷ್ಟೇ ಚುರುಕಾಗಿ ಎತ್ತಿತು. ಅಂದಿನಿಂದ ಮೂರಕ್ಕೂ ಒಂದೇ ಎಣ್ಣೆ, ಒಂದೇ ಅಳತೆಯ ಹಿಂದಿನ ಟೈರು, ಒಂದೇ ಗಾಳಿಯ ಒತ್ತಡ ಇಟ್ಟು, ಮುಂದಿನ ಚಕ್ರಗಳ ಸವೆದ ಬುಷ್‌ಗಳನ್ನೆಲ್ಲ ಬದಲಿಸದೆ ಒಂದು ಮಾತನ್ನೂ ಬರೆಯಬಾರದು ಎಂದು ನಿಯಮ ಮಾಡಿಕೊಂಡೆ.

ಎಂಜಿನ್ ಒಂದೇ ಎಂದೆನಾದರೂ ಕಿಡಿಯ ವ್ಯವಸ್ಥೆಯಲ್ಲಿ ಗಮನಿಸಬೇಕಾದ ಬದಲಾವಣೆಯೊಂದಿದೆ, ಮತ್ತು ಅದು 8ಎನ್ ಎಂಬ ಒಂದೇ ಹೆಸರಿನೊಳಗೇ ಅಡಗಿದೆ. 9ಎನ್, 2ಎನ್ ಹಾಗೂ ಮೊದಲ ಭಾಗದ 8ಎನ್‌ಗಳಲ್ಲಿ, ಸಿಲಿಂಡರುಗಳಿಗೆ ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಮುಂಭಾಗದಲ್ಲಿ, ಫ್ಯಾನಿನ ಹಿಂದೆ ಇಕ್ಕಟ್ಟಿನಲ್ಲಿ ಕೂತಿದೆ. ಕಾಯಿಲ್ ಅದರ ತಲೆಯ ಮೇಲೆಯೇ ಇದೆ. 1950ರಲ್ಲಿ, 8ಎನ್ 263844 ಎಂಬ ಸಂಖ್ಯೆಯಿಂದ, ಅದು ಎಂಜಿನ್ನಿನ ಪಕ್ಕಕ್ಕೆ ಬಂತು. ಪಕ್ಕದ್ದನ್ನು ನಿಂತಲ್ಲೇ ಮುಚ್ಚಳ ತೆಗೆದು ಸರಿಪಡಿಸಬಹುದು, ಆದ್ದರಿಂದ ಅದೇ ಮೇಲೆಂದು ಎಲ್ಲರೂ ಹೇಳುತ್ತಾರೆ. ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಮುಂಭಾಗದ ಡಿಸ್ಟ್ರಿಬ್ಯೂಟರನ್ನು ಎರಡು ಬೋಲ್ಟ್ ಬಿಚ್ಚಿ ಇಡಿಯಾಗಿ ಹೊರತೆಗೆದು, ಬೆಳಕಿರುವ ಮೇಜಿನ ಮೇಲಿಟ್ಟು, ಕುಳಿತುಕೊಂಡು ಪಾಯಿಂಟಿನ ಅಂತರವನ್ನು 0.015 ಇಂಚಿಗೆ ಹೊಂದಿಸಬಹುದು; ಅದರ ತುದಿಯ ನಾಲಿಗೆ ನಡುವಿನಿಂದ ತುಸು ಸರಿದಿರುವುದರಿಂದ ಕ್ಯಾಮ್‌ಶಾಫ್ಟಿನ ಸೀಳಿನಲ್ಲಿ ಅದು ಒಂದೇ ರೀತಿಯಲ್ಲಿ ಕೂರುತ್ತದೆ, ತಪ್ಪಾಗಿ ಕೂರಿಸುವ ಸಾಧ್ಯತೆಯೇ ಇಲ್ಲ. ಪಕ್ಕದ ಡಿಸ್ಟ್ರಿಬ್ಯೂಟರಿಗೆ ಬೇಕಾದ ಅಂತರ 0.025 ಇಂಚು. ಫೀಲರ್ ಗೇಜಿನ ತಪ್ಪು ಎಲೆಯನ್ನು ಹಿಡಿದು, ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಿ, ಬಿಸಿಯಾದ ಮೇಲೆ ಎಂಜಿನ್ ತಡವರಿಸುವುದೇಕೆಂದು ನಾನು ಎರಡು ದಿನ ಕಾರ್ಬ್ಯುರೇಟರನ್ನು ಬಿಚ್ಚಿ ಜೋಡಿಸಿದ್ದೇನೆ.

ಇನ್ನು ಆ ಪುಟ್ಟ ಲಿವರಿನ ಸಂಗತಿ. 1938ರಲ್ಲಿ ಹೆನ್ರಿ ಫೋರ್ಡ್ ಮತ್ತು ಈ ಲಿಫ್ಟನ್ನು ರೂಪಿಸಿದ ಎಂಜಿನಿಯರ್ ಹ್ಯಾರಿ ಫರ್ಗ್ಯುಸನ್ ಕೈಕುಲುಕಿ ಮಾಡಿಕೊಂಡ ಒಪ್ಪಂದದ ಫಲವಾಗಿ 9ಎನ್‌ಗೆ ಮೂರು ಕೊಂಡಿಗಳ ಹೈಡ್ರಾಲಿಕ್ ಲಿಫ್ಟ್ ಬಂತು. ನೇಗಿಲು ಆಳಕ್ಕಿಳಿದು ಎಳೆತ ಹೆಚ್ಚಿದಾಗ ಮೇಲಿನ ಕೊಂಡಿ ಮುಂದಕ್ಕೆ ತಳ್ಳಲ್ಪಟ್ಟು, ಸೀಟಿನ ಹಿಂದಿರುವ ದಪ್ಪ ಸ್ಪ್ರಿಂಗನ್ನು ಒತ್ತುತ್ತದೆ. ಆ ಒತ್ತಡ ಪಂಪಿನ ವಾಲ್ವನ್ನು ಸರಿಸಿ ನೇಗಿಲನ್ನು ತುಸು ಎತ್ತುತ್ತದೆ, ಎಳೆತ ತಗ್ಗಿದೊಡನೆ ಮತ್ತೆ ಇಳಿಸುತ್ತದೆ. ಎರಡು ಗುಳದ ನೇಗಿಲನ್ನು ಕಟ್ಟಿ ಗಟ್ಟಿ ನೆಲಕ್ಕೆ ಇಳಿಸಿದಾಗ ಸೀಟಿನಲ್ಲಿ ಕುಳಿತವನಿಗೆ ಈ ಉಸಿರಾಟ ಸ್ಪಷ್ಟವಾಗಿ ತಿಳಿಯುತ್ತದೆ, ಮತ್ತು ಉಳುಮೆಯಲ್ಲಿ ಮೂರೂ ಟ್ರ್ಯಾಕ್ಟರ್‌ಗಳು ಸಮಸಮ. ಆದರೆ 9ಎನ್, 2ಎನ್‌ಗಳ ಲಿವರಿಗೆ ತಿಳಿದಿರುವುದು ಎಳೆತದ ಭಾಷೆ ಮಾತ್ರ. ನೆಲ ಸಮ ಮಾಡುವ ಬ್ಲೇಡನ್ನು ಗೇಣೆತ್ತರದಲ್ಲಿ ನಿಲ್ಲಿಸಬೇಕೆಂದರೆ, ಅಲ್ಲಿ ಎಳೆತವೇ ಇಲ್ಲದ ಕಾರಣ, ಅದು ಪೂರ್ತಿ ಮೇಲೇರುತ್ತದೆ ಅಥವಾ ಪೂರ್ತಿ ಕೆಳಗಿಳಿಯುತ್ತದೆ. ಒಂದು ಮಣ್ಣಿನ ದಾರಿಯನ್ನು 9ಎನ್‌ನಿಂದ ಸಮ ಮಾಡಲು ಹೋಗಿ ನಾನು ಅಲೆಅಲೆಯಾದ ದಾರಿಯನ್ನು ಮಾಡಿಟ್ಟೆ. ಅದೇ ದಾರಿಗೆ 8ಎನ್ ತಂದು, ದೊಡ್ಡ ಲಿವರಿನ ಕೆಳಗಿರುವ ಪುಟ್ಟ ಲಿವರನ್ನು ಸ್ಥಾನ ನಿಯಂತ್ರಣಕ್ಕೆ ತಿರುಗಿಸಿದೆ. ದೊಡ್ಡ ಲಿವರನ್ನು ಒಂದು ಬೆರಳಷ್ಟು ಸರಿಸಿದರೆ ಬ್ಲೇಡೂ ಅದಕ್ಕೆ ತಕ್ಕಷ್ಟೇ ಏರಿ ಅಲ್ಲೇ ನಿಂತಿತು. ಹಿಂದಿನ ದಿನ ಅರ್ಧ ದಿನ ಹೆಣಗಿದರೂ ಆಗದ ಕೆಲಸ ಆವತ್ತು ಒಂದು ಗಂಟೆಯೊಳಗೆ ಮುಗಿಯಿತು.

ಬ್ರೇಕಿನ ಬದಲಾವಣೆಯನ್ನು ನಾನು ಎರಡನೆಯ ಸ್ಥಾನದಲ್ಲಿಡುತ್ತೇನೆ. 9ಎನ್‌ನಲ್ಲಿ ಕ್ಲಚ್ ಮತ್ತು ಎಡ ಬ್ರೇಕ್ ಎರಡೂ ಎಡಗಾಲಿನ ಪಾಲಿಗೆ ಬಿದ್ದಿವೆ. ಇಳಿಜಾರಿನಲ್ಲಿ ಕ್ಲಚ್ ಒತ್ತಿದ ಕಾಲಿಗೆ ಬ್ರೇಕನ್ನೂ ಒತ್ತಬೇಕಾದ ಹೊತ್ತು ಬಂದಾಗ ಈ ವಿನ್ಯಾಸದ ತಪ್ಪು ಎದೆಗೆ ನಾಟುತ್ತದೆ. 8ಎನ್‌ನಲ್ಲಿ ಎರಡೂ ಬ್ರೇಕ್ ಬಲಗಡೆಗೆ ಬಂದವು, ಕಾಲಿಡಲು ಹಲಗೆಯೂ ಬಂತು. ನಾಲ್ಕನೆಯ ಗೇರು ರಸ್ತೆಯಲ್ಲಿ ಹಿತವಾಗಿದೆ ನಿಜ, ಆದರೆ ಹೊಲದೊಳಗೆ ಅದನ್ನು ಮುಟ್ಟುವ ಪ್ರಸಂಗವೇ ಬರಲಿಲ್ಲ.

ಮೂರರಲ್ಲೂ ಉಳಿದುಕೊಂಡ ಒಂದು ದೋಷವನ್ನು, ಈ ಟ್ರ್ಯಾಕ್ಟರ್‌ಗಳನ್ನು ಕೊಳ್ಳುವವರಿಗೆ ಹೇಳದೆ ಬಿಡಲಾರೆ. ಹೈಡ್ರಾಲಿಕ್ ಪಂಪು ಪಿಟಿಒ ಶಾಫ್ಟಿನಿಂದಲೇ, ಅಂದರೆ ಹಿಂದೆ ಕಟ್ಟಿದ ಯಂತ್ರಗಳಿಗೆ ಎಂಜಿನ್ನಿನ ಶಕ್ತಿ ಮುಟ್ಟಿಸುವ ಶಾಫ್ಟಿನಿಂದಲೇ, ತಿರುಗುತ್ತದೆ; ಆ ಶಾಫ್ಟಿಗೆ ಶಕ್ತಿ ಬರುವುದು ಕ್ಲಚ್ಚನ್ನು ದಾಟಿಯೇ. ಆದ್ದರಿಂದ ಕ್ಲಚ್ ಒತ್ತಿದೊಡನೆ ಲಿಫ್ಟೂ ನಿಲ್ಲುತ್ತದೆ. ಅದಕ್ಕಿಂತ ಅಪಾಯಕಾರಿಯಾದದ್ದು ಇದರ ವಿರುದ್ಧ ದಿಕ್ಕಿನ ಪರಿಣಾಮ. ಹುಲ್ಲು ಕತ್ತರಿಸುವ ಯಂತ್ರವನ್ನು ಕಟ್ಟಿ ಬೇಲಿಯ ಬಳಿ ಕ್ಲಚ್ ಒತ್ತಿದಾಗ, ಭಾರವಾದ ಅಲಗಿನ ರಭಸ ಪಿಟಿಒ ಮೂಲಕ ಹಿಂದಕ್ಕೆ ಹರಿದು ಚಕ್ರಗಳನ್ನು ತಿರುಗಿಸಿತು. ಟ್ರ್ಯಾಕ್ಟರ್ ನಿಲ್ಲದೆ ಬೇಲಿಯ ಕಂಬವನ್ನು ಒರಗಿಸಿಯೇ ನಿಂತಿತು. ಒಂದೇ ದಿಕ್ಕಿಗೆ ಶಕ್ತಿ ಹರಿಸುವ ಓವರ್‌ರನ್ ಕಪ್ಲಿಂಗನ್ನು ಪಿಟಿಒ ಶಾಫ್ಟಿಗೆ ಹಾಕದೆ ನಾನು ಆಮೇಲೆ ಒಮ್ಮೆಯೂ ಹುಲ್ಲು ಕತ್ತರಿಸಿಲ್ಲ.

ಪಂಪಿನ ಈ ಕಟ್ಟು ಬಿಡಿಸಿಕೊಂಡದ್ದು 1953ರ ಎನ್‌ಎಎ ಮಾದರಿಯಲ್ಲಿ, ಅದೂ ಕೇವಲ ಎಂಜಿನಿಯರುಗಳ ಇಚ್ಛೆಯಿಂದಲ್ಲ. ಫೋರ್ಡ್ ಮತ್ತು ಫರ್ಗ್ಯುಸನ್ ನಡುವಿನ ಒಪ್ಪಂದ ಮುರಿದು, ಮೊಕದ್ದಮೆ 1952ರಲ್ಲಿ 92.5 ಲಕ್ಷ ಡಾಲರ್ ಪರಿಹಾರದೊಂದಿಗೆ ಮುಗಿದಾಗ, ಹಳೆಯ ಪಂಪಿನ ವಿನ್ಯಾಸವನ್ನು ಫೋರ್ಡ್ ಕೈಬಿಡಬೇಕಾಯಿತು. ಎನ್‌ಎಎ ಪಂಪು ಎಂಜಿನ್ನಿನಿಂದಲೇ ನೇರವಾಗಿ ತಿರುಗುತ್ತದೆ, ಎಂಜಿನ್ ಕೂಡ 134 ಘನ ಇಂಚಿನ ಓವರ್‌ಹೆಡ್ ವಾಲ್ವಿನದು. ಅದು ನನ್ನ ಶೆಡ್ಡಿಗೆ ಇನ್ನೂ ಬಂದಿಲ್ಲ. ಸದ್ಯಕ್ಕೆ ಬ್ಲೇಡಿನ ಕೆಲಸಕ್ಕೆ 8ಎನ್, ಉಳುಮೆಗೆ 2ಎನ್ ಎಂದು ಹಂಚಿಕೊಂಡಿದ್ದೇನೆ. 9ಎನ್‌ನ ಕೆಳಕೊಂಡಿಗಳಿಗೆ ಮೇಲಿನಿಂದ ಎರಡು ಸರಪಳಿಗಳನ್ನು ಬಿಗಿದು, ಹಿಂದಿನವರು ಮಾಡುತ್ತಿದ್ದಂತೆ, ಬ್ಲೇಡನ್ನು ಬೇಕಾದ ಎತ್ತರದಲ್ಲಿ ತೂಗುಹಾಕುವುದನ್ನು ಈಗ ಕಲಿಯುತ್ತಿದ್ದೇನೆ.