ಡಿ.ಎಡ್. ಸೇರುವುದೋ, ಬಿ.ಎಡ್. ಸೇರುವುದೋ? ಮೊದಲು ಆರು ವಾರ ಮಕ್ಕಳ ಜೊತೆ ಕೂತು ನೋಡಿ

ಟೀಚರ್ ಆಗಬೇಕು ಎನ್ನುವ ಹುಡುಗ ಹುಡುಗಿಯರು ಮಂಗಳೂರು, ಉಡುಪಿ ಕಡೆ ಬಹಳ ಮಂದಿ ಇದ್ದಾರೆ. ಯಾವ ವಯಸ್ಸಿನ ಮಕ್ಕಳಿಗೆ ಎಂದು ಕೇಳಿದರೆ ಮಾತ್ರ ಹೆಚ್ಚಿನವರು ಸುಮ್ಮನಾಗುತ್ತಾರೆ. ಕೋರ್ಸು ನಿಂತಿರುವುದೇ ಆ ಪ್ರಶ್ನೆಯ ಮೇಲೆ. ಒಂದರಿಂದ ಐದನೇ ತರಗತಿಗೆ ಕಲಿಸಲು ಪಿಯುಸಿ ಆದ ಮೇಲೆ 2 ವರ್ಷದ ಡಿ.ಎಲ್.ಎಡ್. ಮಾಡಬೇಕು. ಊರಲ್ಲಿ ಅದನ್ನು ಈಗಲೂ ಡಿ.ಎಡ್. ಎಂದೇ ಕರೆಯುತ್ತಾರೆ. ಹೈಸ್ಕೂಲಿಗಾದರೆ ಪದವಿ, ಆಮೇಲೆ ಬಿ.ಎಡ್. ಬಿ.ಎಡ್. ಒಂದೇ ಇದ್ದರೆ ಪ್ರಾಥಮಿಕ ಹಂತದ ಶಿಕ್ಷಕರಾಗಲು ಅರ್ಹತೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ. ಒಂದನೇ ತರಗತಿಯ ಮಕ್ಕಳೇ ಇಷ್ಟ ಎಂದು ಬಿ.ಎಡ್. ಮುಗಿಸಿದ ಮೇಲೆ ತಿಳಿದರೆ ಕಷ್ಟ. ಅದಕ್ಕೇ ಮೊದಲು ಮಕ್ಕಳ ಜೊತೆ ಕೂರಬೇಕು.

ಏಪ್ರಿಲ್–ಮೇ ರಜೆ ಇದಕ್ಕೆ ಒಳ್ಳೆಯ ಕಾಲ. ವಾರಕ್ಕೆ ಎರಡು ದಿನದಂತೆ ಆರು ವಾರ, ದಿನಕ್ಕೆ 75 ನಿಮಿಷ ಸಾಕು. ಸೆಕೆ ಏರುವ ಮೊದಲು, ಬೆಳಿಗ್ಗೆ 9ಕ್ಕೇ ಶುರು ಮಾಡಿ. ಜಾಗಕ್ಕೆ ಪಂಚಾಯತ್ ಲೈಬ್ರರಿ (ಈಗ ಅರಿವು ಕೇಂದ್ರ), ಯುವಕ ಮಂಡಲ, ಭಜನಾ ಮಂದಿರದ ಜಗಲಿ ಯಾವುದಾದರೂ ಆಗುತ್ತದೆ. ಜಾಗದವರ ಒಪ್ಪಿಗೆ ಪಡೆಯಿರಿ, ಪ್ರತಿ ಮಗುವಿನ ಮನೆಯವರನ್ನು ಎದುರಲ್ಲೇ ಮಾತಾಡಿಸಿ. ಇನ್ನೊಬ್ಬ ದೊಡ್ಡವರು ಯಾವಾಗಲೂ ಜೊತೆಗಿರಲಿ, ಬಾಗಿಲು ತೆರೆದೇ ಇರಲಿ. ಇದರಲ್ಲಿ ರಿಯಾಯಿತಿ ಬೇಡ.

ಮಕ್ಕಳು 6ರಿಂದ 8 ಜನ. ಹದಿನೈದು ಮಕ್ಕಳನ್ನು ಸೇರಿಸಿದರೆ ಹೊಸಬರ ಹೊತ್ತೆಲ್ಲ ಸದ್ದು ಅಡಗಿಸುವುದರಲ್ಲೇ ಹೋಗುತ್ತದೆ, ಒಂದೊಂದು ಮಗು ಹೇಗೆ ಯೋಚಿಸುತ್ತದೆ ಎಂಬುದು ಕಾಣುವುದಿಲ್ಲ. ಮೊದಲ ಮೂರು ವಾರ 6–8 ವರ್ಷದವರು, ಉಳಿದ ಮೂರು ವಾರ 11–13 ವರ್ಷದವರು ಬರಲಿ. ಎರಡೂ ಗುಂಪನ್ನು ಒಟ್ಟಿಗೆ ಕೂರಿಸಬೇಡಿ, ಸಣ್ಣವರ ಕೆಲಸವನ್ನೂ ದೊಡ್ಡವರೇ ಮಾಡಿ ಮುಗಿಸುತ್ತಾರೆ.

ಸಾಮಾನು ಹೆಚ್ಚು ಬೇಡ. ಒಂದು ಚೆನ್ನೆಮಣೆ (ಗುಳಿಗಳಿರುವ ಮರದ ಆಟದ ಹಲಗೆ) ಇದ್ದರೆ ಎರಡೂ ವಯಸ್ಸಿಗೆ ಆಗುತ್ತದೆ. ಅದನ್ನು ತುಳುವರ ಮಳೆಗಾಲದ ತಿಂಗಳಾದ ಆಟಿಯಲ್ಲಿ ಮಾತ್ರ ಅಟ್ಟದಿಂದ ಇಳಿಸುವ ಮನೆಗಳಿವೆ, ಕೇಳಿದರೆ ಸಿಗುತ್ತದೆ. ಗುಳಿ 14, ಗುಳಿಗೆ 4 ಕಾಯಿ, ಒಟ್ಟು 56. ಸಣ್ಣವರಿಗೆ ನಾಲ್ಕು ನಾಲ್ಕಾಗಿ ತುಂಬಿಸುವುದೇ ಲೆಕ್ಕ. ದೊಡ್ಡವರಿಗೆ ‘ಈ ಗುಳಿಯ ಕಾಯಿ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚಿದರೆ ಕೊನೆಯದು ಎಲ್ಲಿ ಬೀಳುತ್ತದೆ, ಮುಟ್ಟದೆ ಹೇಳಿ’ ಎನ್ನಿ. ತಪ್ಪಿದ ಮಗುವಿಗೆ ಉತ್ತರ ಕೊಡಬೇಡಿ, ಬೆರಳಿಟ್ಟು ಎಣಿಸಿ ತೋರಿಸಲು ಹೇಳಿ. ಎತ್ತಿದ ಗುಳಿಯನ್ನೇ ‘ಒಂದು’ ಎಂದು ಎಣಿಸಿದೆಯೋ, ಮೂಲೆಯಲ್ಲಿ ತಿರುಗುವಾಗ ಒಂದು ಗುಳಿ ಬಿಟ್ಟಿತೋ ಎಂದು ಆಗ ಕಾಣುತ್ತದೆ. ತಪ್ಪಿನ ಕಾರಣ ಹುಡುಕುವಾಗ ನಿಮಗೆ ಹೊತ್ತು ಹೋದದ್ದೇ ತಿಳಿಯದಿದ್ದರೆ ಅದನ್ನು ಗಮನದಲ್ಲಿಡಿ, ಈ ವೃತ್ತಿಯ ತಿರುಳು ಅಲ್ಲಿದೆ. ಕಾಯಿಗೆ ಮಂಜೊಟ್ಟಿ ಎಂಬ ಕೆಂಪು ಬೀಜ ಬಳಸಬಹುದು. ಕಪ್ಪು ಚುಕ್ಕೆಯ ಗುಲಗಂಜಿ ಖಂಡಿತ ಬೇಡ, ಜಗಿದು ನುಂಗಿದರೆ ವಿಷ. ಮೂರು ವರ್ಷದ ತಮ್ಮ ತಂಗಿ ಜೊತೆಗೆ ಬಂದರೆ ಯಾವ ಕಾಯಿಯೂ ಅವರ ಕೈಗೆ ಸಿಗಬಾರದು.

ಆರಂಭದ 10 ನಿಮಿಷ ಹಾಡು ಅಥವಾ ಓಡಾಟ, ಆಮೇಲೆ 25 ನಿಮಿಷ ಲೆಕ್ಕದಾಟ, 20 ನಿಮಿಷ ಓದು, 15 ನಿಮಿಷ ಅಂಗಳ. ಕೊನೆಯ 5 ನಿಮಿಷ ಸಾಮಾನನ್ನು ಮಕ್ಕಳೇ ಎತ್ತಿಡಲಿ.

ಓದಿನಲ್ಲಿ ಹೊಸಬರು ಎಡವುವುದು ಮಗುವಿನ ಮನೆಮಾತಿನ ಹತ್ತಿರ. ತುಳು, ಕೊಂಕಣಿ, ಬ್ಯಾರಿ ಆಡುವ ಮಗುವಿಗೆ ಶಾಲೆಯ ಕನ್ನಡ ಎರಡನೆಯ ಭಾಷೆ. ಹುಲಿಯ ಚಿತ್ರ ತೋರಿಸಿದಾಗ ‘ಪಿಲಿ’ ಎಂದು ತುಳುವಿನಲ್ಲಿ ಹೇಳಿದರೆ ‘ತಪ್ಪು’ ಎನ್ನಬೇಡಿ. ಮಗುವಿಗೆ ಪ್ರಾಣಿ ಗೊತ್ತು, ಕನ್ನಡದ ಹೆಸರು ಗೊತ್ತಿಲ್ಲ ಅಷ್ಟೆ. ಪಿಲಿ–ಹುಲಿ, ಪೂ–ಹೂ, ಪತ್ತ್–ಹತ್ತು ಎಂದು ಪಕ್ಕಪಕ್ಕ ಬರೆಯಿರಿ. ‘ಪ’ ಇದ್ದಲ್ಲಿ ‘ಹ’ ಬರುವುದನ್ನು ಮಕ್ಕಳೇ ಹಿಡಿಯುತ್ತಾರೆ. ಕುಂದಾಪ್ರ ಕಡೆಯ ಮಗು ‘ಹೋಯ್ಕ್’ ಎಂದರೂ ಹೀಗೆಯೇ, ಮೊದಲು ಅರ್ಥ ಒಪ್ಪಿಕೊಳ್ಳಿ, ಆಮೇಲೆ ‘ಹೋಗಬೇಕು’ ಎಂದು ಬರೆಯಿಸಿ. ತಿದ್ದಿಸಿಕೊಂಡೇ ಬಂದ ಮಗು ಮೂರನೇ ದಿನಕ್ಕೆ ಬಾಯಿ ಮುಚ್ಚಿಕೊಳ್ಳುತ್ತದೆ. ಮತ್ತೆ ಬಾಯಿ ಬಿಡಿಸಲು ವಾರಗಳೇ ಬೇಕು.

ಹೊಸಬರು ಮಾಡುವ ತಪ್ಪುಗಳು ಹೆಚ್ಚುಕಡಿಮೆ ಒಂದೇ. ಕಾಯಿ ಹಂಚಿದ ಮೇಲೆ ಆಟದ ನಿಯಮ ಹೇಳಲು ಹೊರಡುತ್ತಾರೆ, ಕಾಯಿ ಕೈಗೆ ಬಂದ ಮೇಲೆ ಕಿವಿ ಯಾರದ್ದೂ ಇಲ್ಲಿರುವುದಿಲ್ಲ. ‘ಗೊತ್ತಾಯ್ತಾ?’ ಎಂದು ಕೇಳುತ್ತಾರೆ, ಎಲ್ಲರೂ ‘ಹೂಂ’ ಎನ್ನುತ್ತಾರೆ, ಗೊತ್ತಾಗಿರುವುದಿಲ್ಲ. ಅದರ ಬದಲು ‘ಈಗ ಮೊದಲು ಏನು ಮಾಡಬೇಕು?’ ಎಂದು ಒಬ್ಬರ ಬಾಯಿಂದ ಹೇಳಿಸಿ. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಆಮೇಲೆ ಹೆಸರು ಕರೆಯಿರಿ. ಮೊದಲೇ ಹೆಸರು ಹೇಳಿದರೆ ಉಳಿದ ಏಳು ಮಂದಿ ಯೋಚಿಸುವುದನ್ನು ಬಿಡುತ್ತಾರೆ.

ಮಕ್ಕಳು ಮನೆಗೆ ಹೋದ ಕೂಡಲೇ ನಾಲ್ಕು ಸಾಲು ಬರೆಯಿರಿ. ಯಾವ ಮಗು ಎಲ್ಲಿ ತಡವರಿಸಿತು, ಯಾಕಿರಬಹುದು, ಮುಂದಿನ ಸಲ ಏನು ಬದಲಿಸಬೇಕು, ನಿಮಗೆ ಯಾವ ಹೊತ್ತಿನಲ್ಲಿ ಸಾಕೆನಿಸಿತು. ರಾತ್ರಿಗೆ ಬಿಟ್ಟರೆ ನೆನಪಿನಲ್ಲಿ ಉಳಿಯುವುದು ‘ಚೆನ್ನಾಗಿತ್ತು’ ಎಂಬುದು ಮಾತ್ರ.

ಆರು ವಾರದ ಕೊನೆಗೆ ಆ ನಾಲ್ಕನೇ ಸಾಲುಗಳನ್ನು ಒಟ್ಟಿಗೆ ಓದಿ. ಒಂದೇ ಮಾತನ್ನು ಹತ್ತು ಸಲ ಹೇಳಿದ ದಿನವೂ ಬೇಸರ ಬಂದಿಲ್ಲವಾದರೆ ಡಿ.ಎಡ್. ಕಡೆ ನೋಡಿ. ‘ಯಾಕೆ ಹಾಗೆ?’ ಎಂದು ವಾದಕ್ಕಿಳಿಯುವ ದೊಡ್ಡ ಮಕ್ಕಳ ಜೊತೆ ಹೊತ್ತು ಹೋದದ್ದು ತಿಳಿಯದಿದ್ದರೆ ಪದವಿ ಮಾಡಿ ಬಿ.ಎಡ್. ಸೇರಿ. ಎರಡರಲ್ಲೂ ಸಾಕೆನಿಸಿದ ಸಾಲುಗಳೇ ಹೆಚ್ಚಿದ್ದರೆ ಅರ್ಜಿ ಹಾಕುವ ಮೊದಲು ಶಾಲೆ ಶುರುವಾದ ಮೇಲೆ ಹೆಡ್‌ಮಾಸ್ಟರ ಅನುಮತಿ ಕೇಳಿ ಒಂದು ವಾರ ನಲಿ-ಕಲಿ (ಸಣ್ಣ ಮಕ್ಕಳಿಗೆ ಚಟುವಟಿಕೆಯ ಮೂಲಕ ಕಲಿಸುವ) ತರಗತಿಯ ಹಿಂದೆ ಕೂತು ನೋಡಿ. ಕೋರ್ಸಿನ ಆಚೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಇದೆ: ಪತ್ರಿಕೆ 1 ಒಂದರಿಂದ ಐದಕ್ಕೆ, ಪತ್ರಿಕೆ 2 ಆರರಿಂದ ಎಂಟಕ್ಕೆ, ತಲಾ 150 ಅಂಕ. ಎರಡರಲ್ಲೂ ಮಗುವಿನ ಬೆಳವಣಿಗೆ ಮತ್ತು ಕಲಿಕೆಯ ಬಗ್ಗೆ 30 ಅಂಕದ ಪ್ರಶ್ನೆಗಳಿರುತ್ತವೆ, ಆ ಪಾಠ ಓದುವಾಗ ನಿಮ್ಮ ನೋಟ್‌ಬುಕ್ ಪಕ್ಕದಲ್ಲಿರಲಿ.